ನೀರಿನ ಜಾಡು ಹಿಡಿದು ಮನೆಮನೆಗೆ ಹೋದ ವೈದ್ಯ



ಜನವರಿ 20 ಬಂತೆಂದರೆ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿ ಸಂತ ಸೆಬಾಸ್ಟಿಯನ್ನರ ಹಬ್ಬದ ಸಡಗರ. ಆಗಸ್ಟ್ 16ರಂದು ಸಂತ ರೋಕ್‌ರವರ ನೆನಪು. ಈ ಇಬ್ಬರು ಸಂತರಿಗೆ ನಮ್ಮ ಹಿರಿಯರು ಹರಕೆ ಹೊತ್ತದ್ದು ಸುಮ್ಮನೆ ಅಲ್ಲ. ಊರಿಗೆ ಪ್ಲೇಗೋ ಕಾಲರಾವೋ ಹೊಕ್ಕಾಗ ಮನುಷ್ಯನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಬೆಳಗ್ಗೆ ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೊರಟವನು ಸಂಜೆಗೆ ಹೆಣವಾಗುತ್ತಿದ್ದ. ಆಗ ಮೊಣಕಾಲೂರಿ ಮೊರೆಯಿಡುವುದೊಂದೇ ದಾರಿಯಾಗಿತ್ತು.

ಇಂದು ನಾನು ನಿಮ್ಮ ಮುಂದಿಡುವುದು ಸಂತರೊಬ್ಬರ ಚರಿತ್ರೆಯಲ್ಲ. ಈ ವ್ಯಕ್ತಿ ಕಥೋಲಿಕರೂ ಅಲ್ಲ. ಅವರ ಹೆಸರಿನಲ್ಲಿ ಯಾವ ಗುಡಿಯೂ ಇಲ್ಲ, ಹಬ್ಬವೂ ಇಲ್ಲ. ಆದರೆ ಒಂದು ದೊಡ್ಡ ಪಟ್ಟಣದಲ್ಲಿ ಒಂದು ಬೀದಿಯವರು ಸಾಯುತ್ತಿರುವಾಗ ಪಕ್ಕದ ಬೀದಿಯವರು ಯಾಕೆ ಸುಖವಾಗಿದ್ದಾರೆ ಎಂಬ ಪ್ರಶ್ನೆಯನ್ನು ಅವರು ಬಿಡದೆ ಕೇಳಿದರು. ಆ ಪ್ರಶ್ನೆ ಕೋಟ್ಯಂತರ ಜೀವಗಳನ್ನು ಉಳಿಸಿತು. ಅವರೇ ಲಂಡನ್ನಿನ ವೈದ್ಯ ಜಾನ್ ಸ್ನೋ.

ನದಿದಂಡೆಯ ಬಡವರ ಮಗ

1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಸ್ನೋ ಹುಟ್ಟಿದರು. ಊಸ್ ನದಿಯ ದಡದಲ್ಲಿದ್ದ ಅವರ ಬೀದಿ ಬಡವರ ಬೀದಿ. ನದಿ ಉಕ್ಕಿದರೆ ನೀರು ಮನೆಯ ಹೊಸ್ತಿಲಿಗೇ ಬರುತ್ತಿತ್ತು. ತಂದೆ ಕಲ್ಲಿದ್ದಲು ಅಂಗಳದ ಕೂಲಿಯಾಳು. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ಅಂಥ ಮನೆಯ ಹಿರಿಮಗನ ಪಾಡು ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ತಂದೆತಾಯಿ ಹೊಟ್ಟೆಬಟ್ಟೆ ಕಟ್ಟಿ ಮಗನನ್ನು ಓದಿಸಿದರು. 14ನೇ ವಯಸ್ಸಿಗೆ ಹುಡುಗ ನ್ಯೂಕ್ಯಾಸಲ್ ಪಟ್ಟಣದ ಒಬ್ಬ ಶಸ್ತ್ರವೈದ್ಯರ ಬಳಿ ಕೆಲಸ ಕಲಿಯಲು ಸೇರಿದ.

ಬಂಗಾಳದಿಂದ 1817ರಲ್ಲಿ ಹೊರಟ ಕಾಲರಾ ದೇಶದೇಶಗಳನ್ನು ದಾಟಿ 1831ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟಿತು. ನ್ಯೂಕ್ಯಾಸಲ್ ಸಮೀಪದ ಕಿಲ್ಲಿಂಗ್‌ವರ್ತ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಕೂಲಿಗಳು ತರಗೆಲೆಗಳಂತೆ ಉದುರಿದರು. ಗುರುಗಳು ತಮ್ಮ ಶಿಷ್ಯನನ್ನೇ ಅಲ್ಲಿಗೆ ಕಳುಹಿಸಿದರು. ಆಗ ಸ್ನೋಗೆ ಇನ್ನೂ 18 ವರ್ಷ. ಮದ್ದು ಯಾರಿಗೂ ಗೊತ್ತಿಲ್ಲದ ರೋಗದ ನಡುವೆ ಆ ಹುಡುಗ ಹಗಲಿರುಳು ದುಡಿದ. ಆದರೆ ಕಣ್ಣು ತೆರೆದುಕೊಂಡೇ ದುಡಿದ. ಗಣಿಯ ಆಳದಲ್ಲಿ ಶೌಚಕ್ಕೆ ಸ್ಥಳವಿರಲಿಲ್ಲ. ಕೈ ತೊಳೆಯಲು ನೀರಿರಲಿಲ್ಲ. ಅದೇ ಕೈಯಲ್ಲಿ ಅದೇ ಕತ್ತಲಲ್ಲಿ ಬುತ್ತಿ ಬಿಚ್ಚಿ ತಿನ್ನಬೇಕು. ಈ ದೃಶ್ಯ ಅವರ ಮನಸ್ಸಿನಿಂದ ಮುಂದೆಂದೂ ಅಳಿಯಲಿಲ್ಲ.

ಸ್ನೋ ಯೌವನದಲ್ಲೇ ಮಾಂಸ ಬಿಟ್ಟರು, ಮದ್ಯ ಬಿಟ್ಟರು, ಕುಡಿಯುವ ನೀರಿನ ವಿಷಯದಲ್ಲಿ ಬಹಳ ಎಚ್ಚರ ವಹಿಸಿದರು. 1836ರಲ್ಲಿ ವೈದ್ಯಶಿಕ್ಷಣಕ್ಕಾಗಿ ಲಂಡನ್ನಿಗೆ ಹೋದದ್ದು ಕಾಲ್ನಡಿಗೆಯಲ್ಲಿ. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದು, ಸೋಹೋ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ವೃತ್ತಿ ಮಾಡುತ್ತಿದ್ದರು. ಮದುವೆಯಾಗಲಿಲ್ಲ. ನಾಚಿಕೆಯ ಸ್ವಭಾವ, ಸಭೆಯಲ್ಲಿ ಮಾತಾಡಿದರೆ ಒಡಕು ದನಿ. ಆದರೆ ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ನೋವು ಗೊತ್ತಾಗದಂತೆ ಈಥರ್ ಮತ್ತು ಕ್ಲೋರೋಫಾರ್ಮ್ ಕೊಡುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯ ಹೆರಿಗೆಗೆ ಅರಮನೆಯಿಂದ ಅವರಿಗೇ ಕರೆ ಬಂತು.

ಇಷ್ಟಕ್ಕೇ ನಿಂತಿದ್ದರೆ ಸ್ನೋ ಶ್ರೀಮಂತರ ವೈದ್ಯರಾಗಿ ಸುಖವಾಗಿ ಬಾಳಬಹುದಿತ್ತು. ಆದರೆ ರಾಣಿಯ ಮಂಚದ ಬಳಿ ನಿಂತ ಅದೇ ಮನುಷ್ಯ ಮರುವರ್ಷ ಲಂಡನ್ನಿನ ಕೂಲಿಕಾರರ ಮನೆಗಳ ಕದ ತಟ್ಟುತ್ತಾ ಅಲೆದರು.

ಒಂದೇ ನಗರ, ಎರಡು ಬಗೆಯ ಸಾವು

1848-49ರ ಕಾಲರಾದಲ್ಲಿ ಲಂಡನ್ ನಗರವೊಂದರಲ್ಲೇ ಸುಮಾರು 14,000 ಜನ ಸತ್ತರು. ಆದರೆ ಈ ಸಾವು ನಗರದ ಮೇಲೆ ಒಂದೇ ಸಮನಾಗಿ ಬೀಳಲಿಲ್ಲ. ಸರ್ಕಾರದ ಅಂಕಿಅಂಶ ತಜ್ಞ ವಿಲಿಯಂ ಫಾರ್ ಬಡಾವಣೆವಾರು ಲೆಕ್ಕ ಹಾಕಿದರು. ಉತ್ತರದ ಗುಡ್ಡದ ಮೇಲಿದ್ದ ಹ್ಯಾಂಪ್‌ಸ್ಟೆಡ್‌ನಲ್ಲಿ ಪ್ರತಿ 10,000 ಜನರಲ್ಲಿ ಸತ್ತವರು 8 ಮಂದಿ. ಥೇಮ್ಸ್ ನದಿಯ ದಕ್ಷಿಣ ದಂಡೆಯ ರಾಥರ್‌ಹೈತ್‌ನಲ್ಲಿ ಪ್ರತಿ 10,000ಕ್ಕೆ 205 ಮಂದಿ. ಒಂದೇ ನಗರ, ಒಂದೇ ರಾಣಿ, ಒಂದೇ ಕಾನೂನು. ಆದರೂ ಸಾವು ಇಪ್ಪತ್ತೈದು ಪಟ್ಟು ಹೆಚ್ಚು!

ಇದಕ್ಕೆ ಅಂದಿನ ವಿದ್ವಾಂಸರ ಉತ್ತರ ಏನು ಗೊತ್ತೇ? ಕೆಟ್ಟ ಗಾಳಿ. ಕೊಳೆತ ವಸ್ತುಗಳ ದುರ್ವಾಸನೆಯೇ ವಿಷವಾಗಿ ಮೈಗೆ ಹೊಗುತ್ತದೆ ಎಂದು ಅವರು ನಂಬಿದ್ದರು. ತಗ್ಗಿನಲ್ಲಿ ಗಾಳಿ ಕೊಳಕು, ಎತ್ತರದಲ್ಲಿ ಶುದ್ಧ; ಆದ್ದರಿಂದ ತಗ್ಗಿನವರು ಸಾಯುತ್ತಾರೆ ಎಂದು ಫಾರ್ ಕೂಡ ತರ್ಕಿಸಿದರು. ಇದರ ಜೊತೆಗೆ ಇನ್ನೊಂದು ಮಾತೂ ಚಾಲ್ತಿಯಲ್ಲಿತ್ತು. ಬಡವರು ಕುಡುಕರು, ಸೋಮಾರಿಗಳು, ಕೊಳಕರು. ಆದ್ದರಿಂದಲೇ ದೇವರು ಅವರನ್ನು ದಂಡಿಸುತ್ತಾನೆ ಎಂಬ ಮಾತು ಅದು. ನಗರದ ಹೀನ ಓಣಿಗಳಲ್ಲಿ ಐರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡು ಬಂದ ನಮ್ಮದೇ ಕಥೋಲಿಕ ಬಡವರು ಕಿಕ್ಕಿರಿದಿದ್ದರು. ಈ ನಿಂದೆಯಲ್ಲಿ ಅವರಿಗೂ ದೊಡ್ಡ ಪಾಲು ಸಿಗುತ್ತಿತ್ತು.

ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ನೀವು ಓದಿರುತ್ತೀರಿ. ಗೋಪುರ ಕುಸಿದು ಹದಿನೆಂಟು ಜನ ಸತ್ತಾಗ, ಸತ್ತವರು ಇತರರಿಗಿಂತ ದೊಡ್ಡ ಪಾಪಿಗಳೆಂಬ ಎಣಿಕೆಯನ್ನು ಪ್ರಭು ಯೇಸು ಖಂಡತುಂಡವಾಗಿ ತಳ್ಳಿಹಾಕಿದರು. ಬಿದ್ದವರನ್ನು ಪಾಪಿಗಳೆನ್ನುವುದು ನಮಗೆ ಬಹಳ ಅನುಕೂಲದ ಉತ್ತರ. ಹಾಗೆಂದುಬಿಟ್ಟರೆ ಗೋಪುರ ಕಟ್ಟಿದವರು ಯಾರು, ಅದರ ಗೋಡೆ ಸರಿಯಿತ್ತೇ ಎಂದು ಯಾರೂ ಕೇಳಬೇಕಾಗಿಲ್ಲವಲ್ಲ!

ಸ್ನೋ ಕೇಳಿದರು. ಕಾಲರಾ ಮೊದಲು ಹಿಡಿಯುವುದು ಹೊಟ್ಟೆ ಕರುಳುಗಳನ್ನು, ಶ್ವಾಸಕೋಶವನ್ನಲ್ಲ. ಹಾಗಿದ್ದ ಮೇಲೆ ಅದು ಮೂಗಿನಿಂದಲ್ಲ, ಬಾಯಿಂದ ಒಳಹೋಗಿರಬೇಕು. ರೋಗಿಯ ಮಲದಲ್ಲಿರುವ ಯಾವುದೋ ವಿಷಕಣ ಕೈ, ಬಟ್ಟೆ, ಮುಖ್ಯವಾಗಿ ಕುಡಿಯುವ ನೀರಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿ ಅಲ್ಲಿ ವೃದ್ಧಿಯಾಗುತ್ತದೆ. 1849ರಲ್ಲಿ ಒಂದು ಸಣ್ಣ ಪುಸ್ತಿಕೆಯಲ್ಲಿ ಅವರು ಈ ವಿಚಾರ ಪ್ರಕಟಿಸಿದರು. ವಿದ್ವಾಂಸರು ತಲೆಯಾಡಿಸಿ ಬದಿಗಿಟ್ಟರು. ಸಾಕ್ಷ್ಯ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಸ್ನೋ ಸಿಟ್ಟಾಗಲಿಲ್ಲ, ಸಾಕ್ಷ್ಯ ಹುಡುಕಿದರು.

ಎರಡು ಕಂಪನಿಗಳ ನೀರು

1854ರಲ್ಲಿ ಕಾಲರಾ ಮತ್ತೆ ಬಂದಾಗ ದಕ್ಷಿಣ ಲಂಡನ್ನಿನಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ಅಲ್ಲಿ ಎರಡು ಖಾಸಗಿ ಕಂಪನಿಗಳು ನೀರು ಮಾರುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯಿಂದ ಬ್ಯಾಟರ್‌ಸಿಯಲ್ಲಿ ನೀರೆತ್ತುತ್ತಿತ್ತು. ಇಡೀ ನಗರದ ಚರಂಡಿ ಸೇರುವ ಭಾಗ ಅದು. ಲ್ಯಾಂಬೆತ್ ಕಂಪನಿಯಾದರೋ 1852ರಲ್ಲೇ ತನ್ನ ನೀರೆತ್ತುವ ಸ್ಥಳವನ್ನು ನದಿಯ ಮೇಲ್ಭಾಗಕ್ಕೆ, ಚರಂಡಿ ತಲುಪದ ಥೇಮ್ಸ್ ಡಿಟ್ಟನ್ ಬಳಿಗೆ ಬದಲಾಯಿಸಿತ್ತು. ಪೈಪೋಟಿಯಿಂದಾಗಿ ಎಷ್ಟೋ ಬೀದಿಗಳಲ್ಲಿ ಎರಡೂ ಕಂಪನಿಗಳ ಕೊಳವೆ ಹಾಸಿತ್ತು. ಅಕ್ಕಪಕ್ಕದ ಎರಡು ಮನೆ. ಗಾಳಿ ಒಂದೇ, ಬೀದಿ ಒಂದೇ, ಬಾಡಿಗೆಯೂ ಹೆಚ್ಚುಕಡಿಮೆ ಒಂದೇ. ನೀರು ಮಾತ್ರ ಬೇರೆ. ಹೀಗೆ ಸುಮಾರು 3 ಲಕ್ಷ ಜನ ತಮಗೆ ಗೊತ್ತಿಲ್ಲದೆಯೇ ಒಂದು ದೊಡ್ಡ ಪರೀಕ್ಷೆಗೆ ಒಳಗಾಗಿದ್ದರು.

ಸ್ನೋ ಸತ್ತವರ ವಿಳಾಸಗಳ ಪಟ್ಟಿ ಹಿಡಿದು ಹೊರಟರು. ಮನೆಮನೆಗೆ ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ನೀರು ಯಾವ ಕಂಪನಿಯದು? ಅನೇಕರಿಗೆ ಅದೇ ಗೊತ್ತಿರಲಿಲ್ಲ. ನೀರಿನ ಹಣ ಕಟ್ಟುವವನು ಮನೆಯ ಮಾಲೀಕ. ಬಾಡಿಗೆದಾರನಿಗೆ ಅದರ ಗೊಡವೆ ಎಲ್ಲಿಂದ? ತಾವು ಕುಡಿಯುತ್ತಿರುವ ಸಾವಿನ ಹೆಸರೂ ಆ ಬಡವರಿಗೆ ತಿಳಿದಿರಲಿಲ್ಲ. ಆಗ ಸ್ನೋ ಒಂದು ಉಪಾಯ ಕಂಡುಕೊಂಡರು. ಮನೆಯಿಂದ ಸ್ವಲ್ಪ ನೀರು ತಂದು ಅದಕ್ಕೆ ಸಿಲ್ವರ್ ನೈಟ್ರೇಟ್ ಹಾಕಿ ಉಪ್ಪಿನ ಪ್ರಮಾಣ ನೋಡುತ್ತಿದ್ದರು. ಬ್ಯಾಟರ್‌ಸಿಯ ನೀರಿನಲ್ಲಿ ಉಪ್ಪು ಸುಮಾರು 40 ಪಟ್ಟು ಹೆಚ್ಚು. ನೀರೇ ತನ್ನ ಊರು ಹೇಳಿಬಿಡುತ್ತಿತ್ತು.

ಏಳು ವಾರಗಳ ಲೆಕ್ಕ ಹೀಗೆ ಬಂತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿಯ ನೀರು ಕುಡಿದ 40,046 ಮನೆಗಳಲ್ಲಿ 1,263 ಸಾವು. ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವು. ಅಂದರೆ ಪ್ರತಿ 10,000 ಮನೆಗಳಿಗೆ ಒಂದು ಕಡೆ 315, ಇನ್ನೊಂದು ಕಡೆ 37. ಕುಡುಕತನವೂ ಅಲ್ಲ, ಸೋಮಾರಿತನವೂ ಅಲ್ಲ, ದೇವರ ಕೋಪವೂ ಅಲ್ಲ. ಸಾವು ಕೊಳವೆಯಲ್ಲಿ ಬರುತ್ತಿತ್ತು.

ಬ್ರಾಡ್ ಸ್ಟ್ರೀಟಿನ ಪಂಪು

ಈ ಕೆಲಸದ ನಡುವೆಯೇ 1854ರ ಆಗಸ್ಟ್ 31ರ ರಾತ್ರಿ ಸೋಹೋದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಸಿಡಿಲಿನಂತೆ ಎರಗಿತು. ಹತ್ತು ದಿನಗಳಲ್ಲಿ ಸುಮಾರು 500 ಸಾವು. ಕೊನೆಗೆ 600 ದಾಟಿತು. ಅದು ಸ್ನೋ ಎಷ್ಟೋ ವರ್ಷ ಬಾಳಿದ್ದ ನೆರೆಹೊರೆ. ಅವರ ಅನುಮಾನ ಬೀದಿಯ ಕೈಪಂಪಿನ ಮೇಲೆ ಹೋಯಿತು. ಆ ನೀರಿಗೆ ಬಹಳ ಒಳ್ಳೆಯ ಹೆಸರಿತ್ತು. ನೋಡಲು ತಿಳಿ, ಕುಡಿಯಲು ರುಚಿ!

ಅವರು ಸತ್ತವರನ್ನು ಮಾತ್ರವಲ್ಲ, ಬದುಕಿದವರನ್ನೂ ಎಣಿಸಿದರು. ಹತ್ತಿರದ ನಿರ್ಗತಿಕರ ಆಶ್ರಯಗೃಹದಲ್ಲಿ 535 ಜನರಿದ್ದರು. ಅವರಿಗಿಂತ ಬಡವರು ಯಾರು? ಆದರೂ ಅಲ್ಲಿ ಸತ್ತವರು ಐದೇ ಮಂದಿ. ಕಾರಣ, ಅಲ್ಲಿಗೆ ಸ್ವಂತ ಬಾವಿ ಇತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ 70 ಕೆಲಸಗಾರರಲ್ಲಿ ಒಬ್ಬರೂ ಕಾಲರಾಕ್ಕೆ ಬಲಿಯಾಗಲಿಲ್ಲ. ಅವರು ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಅತ್ತ ದೂರದ ಹ್ಯಾಂಪ್‌ಸ್ಟೆಡ್‌ನ ಶುದ್ಧ ಗಾಳಿಯಲ್ಲಿದ್ದ ಒಬ್ಬ ವಿಧವೆ ಕಾಲರಾದಿಂದ ಸತ್ತಿದ್ದರು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ವಾಸವಾಗಿದ್ದ ಆಕೆಗೆ ಆ ಪಂಪಿನ ನೀರಿನ ರುಚಿ ಬಿಡಲಾಗದೆ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು!

ಸೆಪ್ಟೆಂಬರ್ 7ರಂದು ಸ್ನೋ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ನಿಂತು ತಮ್ಮ ಲೆಕ್ಕ ಒಪ್ಪಿಸಿದರು. ಮರುದಿನ ಪಂಪಿನ ಹಿಡಿಯನ್ನು ಕಳಚಿದರು. ಜನ ಊರು ಬಿಟ್ಟು ಓಡಿದ್ದರಿಂದ ರೋಗ ಆಗಲೇ ಇಳಿಮುಖವಾಗಿತ್ತು ಎಂಬುದನ್ನು ಸ್ನೋ ಅವರೇ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ತನ್ನ ವಾದಕ್ಕೆ ಲಾಭವಾಗುವ ಕಡೆಯೂ ಸತ್ಯವನ್ನು ಹಿಗ್ಗಿಸದ ಮನುಷ್ಯ ಅವರು.

ಇಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಇನ್ನೊಬ್ಬರು ಬರುತ್ತಾರೆ. ಅವರು ಹೆನ್ರಿ ವೈಟ್‌ಹೆಡ್. ಆ ಬಡಾವಣೆಯ ಆಂಗ್ಲಿಕನ್ ಚರ್ಚಿನ ಸಹಾಯಕ ಗುರು, ಇನ್ನೂ 30 ತುಂಬದ ಯುವಕ. ಸತ್ತವರನ್ನು ಮಣ್ಣುಮಾಡಿ, ಉಳಿದವರನ್ನು ಸಂತೈಸುತ್ತಾ ಮನೆಯಿಂದ ಮನೆಗೆ ಓಡಾಡಿದವರು. ಸ್ನೋ ಅವರ ವಾದ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ನೀರು ಕುಡಿದೂ ಬದುಕಿದವರನ್ನು ಅವರು ಕಣ್ಣಾರೆ ಕಂಡಿದ್ದರು. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ತಮಗೆ ಪರಿಚಯವಿದ್ದ ಪ್ರತಿಯೊಂದು ಕುಟುಂಬವನ್ನೂ ಮತ್ತೆ ಮತ್ತೆ ಭೇಟಿಯಾಗಿ ವಿಚಾರಿಸಿದರು. ಜನ ವೈದ್ಯರಿಗೆ ಹೇಳದ್ದನ್ನು ತಮ್ಮ ಗುರುಗಳಿಗೆ ಹೇಳಿದರು. ಫಲಿತಾಂಶ ಏನಾಯಿತು? ಆ ಬೀದಿಯಲ್ಲಿ ಪಂಪಿನ ನೀರು ಕುಡಿದ 137 ಜನರಲ್ಲಿ 80 ಮಂದಿಗೆ ಕಾಲರಾ ತಗುಲಿತ್ತು. ಕುಡಿಯದ 297 ಜನರಲ್ಲಿ 20 ಮಂದಿಗೆ ಮಾತ್ರ. ಗುರುಗಳು ತಮ್ಮ ಅಭಿಪ್ರಾಯ ತಪ್ಪೆಂದು ಒಪ್ಪಿಕೊಂಡು ಸ್ನೋ ಅವರ ಪಕ್ಷಕ್ಕೆ ಬಂದರು.

ಅಷ್ಟೇ ಅಲ್ಲ, ರೋಗದ ಮೂಲವನ್ನು ಪತ್ತೆಮಾಡಿದವರೂ ಅವರೇ. ಪಂಪಿಗೆ ತಾಗಿದಂತಿದ್ದ 40ನೇ ಸಂಖ್ಯೆಯ ಮನೆಯಲ್ಲಿ ಒಂದು ಹಸುಗೂಸು ಆಗಸ್ಟ್ 28ರಂದು ಭೇದಿ ಹಿಡಿದು ಸೆಪ್ಟೆಂಬರ್ 2ರಂದು ತೀರಿಕೊಂಡಿತ್ತು. ತಾಯಿ ಮಗುವಿನ ಬಟ್ಟೆ ತೊಳೆದ ನೀರನ್ನು ಮನೆಯ ಮುಂದಿನ ಮಲದ ಗುಂಡಿಗೆ ಚೆಲ್ಲುತ್ತಿದ್ದಳು. 1855ರಲ್ಲಿ ಅಗೆದು ನೋಡಿದಾಗ ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಯೂ ಇರಲಿಲ್ಲ, ಇಟ್ಟಿಗೆಗಳು ಸಡಿಲಾಗಿದ್ದವು. ಆ ಮಗುವಿನ ತಂದೆ ಹಾಸಿಗೆ ಹಿಡಿದದ್ದು ಪಂಪಿನ ಹಿಡಿ ಕಳಚಿದ ಅದೇ ದಿನ. ಹಿಡಿ ಕಳಚದಿದ್ದರೆ ಏನಾಗುತ್ತಿತ್ತೋ, ನೀವೇ ಊಹಿಸಿ. ಆ ತಾಯಿಯನ್ನು ಯಾರು ದೂರಬಲ್ಲರು? ಪ್ರತಿಯೊಬ್ಬ ತಾಯಿ ಮಾಡುವುದನ್ನೇ ಅವಳೂ ಮಾಡಿದಳು. ತಪ್ಪು ಇದ್ದದ್ದು ಬಾವಿಯ ಪಕ್ಕದಲ್ಲೇ ಗುಂಡಿ ಇರಲು ಬಿಟ್ಟ ವ್ಯವಸ್ಥೆಯಲ್ಲಿ.

ಮೆಚ್ಚುಗೆ ಕಾಣದ ಸಾವು

1855ರಲ್ಲಿ ಸ್ನೋ ತಮ್ಮ ಪುಸ್ತಕವನ್ನು ವಿಸ್ತರಿಸಿ, ಒಂದೊಂದು ಸಾವಿಗೂ ಒಂದೊಂದು ಕಪ್ಪು ಗೆರೆ ಹಾಕಿದ ನಕ್ಷೆಯೊಂದಿಗೆ ಪ್ರಕಟಿಸಿದರು. ಅದಕ್ಕೆ ಅವರು ಕೈಯಿಂದ ಖರ್ಚು ಮಾಡಿದ್ದು 200 ಪೌಂಡಿಗೂ ಹೆಚ್ಚು. ಮರಳಿ ಬಂದದ್ದು ಅಷ್ಟು ಶಿಲ್ಲಿಂಗೂ ಅಲ್ಲ. ಆರೋಗ್ಯ ಮಂಡಳಿಯ ತಜ್ಞರು ಅವರ ವಾದವನ್ನು ತಿರಸ್ಕರಿಸಿದರು. ಪ್ರತಿಷ್ಠಿತ ವೈದ್ಯಪತ್ರಿಕೆ ಅಣಕಿಸಿತು. 1858ರ ಜೂನ್ 10ರಂದು ಬರೆಯುತ್ತಾ ಕುಳಿತಿದ್ದಾಗಲೇ ಸ್ನೋ ಪಾರ್ಶ್ವವಾಯು ಬಡಿದು ಕುಸಿದರು. ಜೂನ್ 16ರಂದು ತೀರಿಕೊಂಡರು. ವಯಸ್ಸು 45. ಅದೇ ಪತ್ರಿಕೆ ಪ್ರಕಟಿಸಿದ ನಾಲ್ಕು ಸಾಲಿನ ನಿಧನವಾರ್ತೆಯಲ್ಲಿ ಕಾಲರಾ ಎಂಬ ಪದವೇ ಇರಲಿಲ್ಲ.

ಅದೇ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಸಂಸತ್ತಿನ ಕಿಟಕಿಗಳನ್ನೇ ಹೊಕ್ಕಿತು. ಬಡವರ ಸಾವಿಗೆ ಅಲುಗದವರು ತಮ್ಮ ಮೂಗಿಗೆ ತಾಗಿದಾಗ ಎದ್ದು ಕುಳಿತರು. ಇಂಜಿನಿಯರ್ ಜೋಸೆಫ್ ಬ್ಯಾಝಲ್‌ಜೆಟ್ ಅವರ ನೇತೃತ್ವದಲ್ಲಿ ಮಹಾ ಒಳಚರಂಡಿ ಕೆಲಸ ಶುರುವಾಯಿತು. ಆದರೆ ಅದು ಇನ್ನೂ ಪೂರ್ಣಗೊಳ್ಳದ ಪೂರ್ವ ಲಂಡನ್ನಿನ ಬಡ ಬಡಾವಣೆಗಳಲ್ಲಿ 1866ರಲ್ಲಿ ಕಾಲರಾ ಮತ್ತೆ ಎದ್ದು 5,500ಕ್ಕೂ ಹೆಚ್ಚು ಜನರನ್ನು ನುಂಗಿತು. ಈ ಸಲ ನೀರಿನ ಕಂಪನಿಯ ತಪ್ಪನ್ನು ಅಂಕಿಅಂಶಗಳಿಂದ ಬಯಲಿಗೆಳೆದವರು ಯಾರು ಗೊತ್ತೇ? ಹಿಂದೆ ಗಾಳಿಯನ್ನು ದೂರಿದ್ದ ಅದೇ ವಿಲಿಯಂ ಫಾರ್. ಲಂಡನ್ನಿನಲ್ಲಿ ಕಾಲರಾ ಮಹಾಮಾರಿಯಾಗಿ ಕುಣಿದದ್ದು ಅದೇ ಕಡೆ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಯಲ್ಲಿ ರೋಗಾಣುವನ್ನು ದೃಢಪಡಿಸಿದಾಗ ಸ್ನೋ ಸತ್ತು 26 ವರ್ಷಗಳಾಗಿದ್ದವು.

ನಮ್ಮ ಬೀದಿಯ ನೀರು

ಇದು ಹಳೆಯ ಲಂಡನ್ನಿನ ಕಥೆ, ನಮಗೇನು ಎನ್ನಬೇಡಿ. 2020ರ ಜುಲೈನಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದರು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನರಿಗೆ ಕೊರೋನಾ ತಗುಲಿ ಹೋಗಿತ್ತು. ಅದೇ ವಾರ್ಡುಗಳ ಇತರ ಮನೆಗಳಲ್ಲಿ ನೂರಕ್ಕೆ 16 ಮಂದಿಗೆ. ನಮ್ಮ ಕನ್ನಡನಾಡಿನಿಂದ ಹೊಟ್ಟೆಪಾಡಿಗೆ ಹೋದವರು ಆ ಮಹಾನಗರದಲ್ಲಿ ಎಷ್ಟೊಂದು ಜನರಿದ್ದಾರೆ! ಹತ್ತಾರು ಮನೆಗಳಿಗೆ ಒಂದೇ ಶೌಚಾಲಯವಿರುವ ಕಡೆ ದೂರ ನಿಲ್ಲುವುದಾದರೂ ಎಲ್ಲಿ?

ಮನೆಗಳ ಆಶೀರ್ವಾದಕ್ಕೆ ಹೋದಾಗ ನಮ್ಮ ಜನ ಮೊದಲು ಕೊಡುವುದು ಒಂದು ಲೋಟ ನೀರು. ಒಂದು ಮನೆಯಲ್ಲಿ ಅದು ಯಂತ್ರದಲ್ಲಿ ಶುದ್ಧವಾಗಿ ಬಂದದ್ದು. ಅದೇ ಧರ್ಮಕೇಂದ್ರದ ಇನ್ನೊಂದು ತುದಿಯಲ್ಲಿ ಟ್ಯಾಂಕರಿಗಾಗಿ ಕಾದು ಡ್ರಮ್ಮಿನಲ್ಲಿ ತುಂಬಿಟ್ಟದ್ದು. ಇಬ್ಬರೂ ಭಾನುವಾರ ಒಂದೇ ಬಲಿಪೂಜೆಗೆ ಬರುತ್ತಾರೆ, ಒಂದೇ ಪರಮಪ್ರಸಾದ ಸ್ವೀಕರಿಸುತ್ತಾರೆ. ಆದರೆ ಒಬ್ಬರ ಮಗುವಿಗೆ ವರ್ಷದಲ್ಲಿ ಮೂರು ಸಲ ಭೇದಿ. ಆ ಎರಡನೆಯ ಲೋಟ ಕೈಗೆ ಬಂದಾಗಲೆಲ್ಲ ನಾನು ಸ್ನೋ ಅವರ ಪ್ರಶ್ನೆಯನ್ನು ನೆನೆಯುತ್ತೇನೆ. ಎಷ್ಟೋ ಸಲ ಕೇಳದೆ ಸುಮ್ಮನೆ ಕುಡಿದು ಎದ್ದುಬಂದಿದ್ದೇನೆ ಎಂಬುದನ್ನೂ ನಿಮ್ಮಲ್ಲಿ ನಿವೇದಿಸಿಕೊಳ್ಳಬೇಕು.

ಶುದ್ಧ ಕುಡಿಯುವ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು, ಅದನ್ನು ಬಡವರಿಗೆ ನಿರಾಕರಿಸುವುದು ಬದುಕುವ ಹಕ್ಕನ್ನೇ ನಿರಾಕರಿಸಿದಂತೆ ಎಂದು ವಿಶ್ವಗುರು ಫ್ರಾನ್ಸಿಸ್‌ರವರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬೋಧಿಸಿದರು. ಬಾಯಾರಿದವರಿಗೆ ನೀರು ಕೊಟ್ಟದ್ದು ತನಗೇ ಕೊಟ್ಟಂತೆ ಎಂದು ಮತ್ತಾಯನ ಶುಭಸಂದೇಶದಲ್ಲಿ ಪ್ರಭು ನಮಗೆ ಕಲಿಸಿದ್ದಾರೆ. ಕೊಟ್ಟ ನೀರು ಶುದ್ಧವಾಗಿತ್ತೇ ಎಂದು ನೋಡುವುದೂ ಆ ಪ್ರೀತಿಯ ಭಾಗವಲ್ಲವೇ?

ಆದ್ದರಿಂದ ಈ ವಾರ ಒಂದು ಚಿಕ್ಕ ಕೆಲಸ ಮಾಡಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಯನ್ನು, ನಿಮ್ಮ ಬೀದಿ ಗುಡಿಸುವ ಅಣ್ಣನನ್ನು, ಅವರ ಮನೆಯ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಅವರ ಮಕ್ಕಳಿಗೆ ಜ್ವರ ಬಂದಾಗ ಅವರ ಕೊಳಕನ್ನು ದೂರುವ ಮೊದಲು ಅವರ ನಲ್ಲಿಯನ್ನು ನೋಡಿ. ನಿಮ್ಮ ವಾರ್ಡಿನ ಸಭೆಯಲ್ಲಿ, ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಆ ವಿಷಯ ಎತ್ತಿ. ಸಂತ ಸೆಬಾಸ್ಟಿಯನ್ನರ ಮುಂದೆ ಮೇಣದ ಬತ್ತಿ ಹಚ್ಚುವುದನ್ನು ಖಂಡಿತ ಬಿಡಬೇಡಿ. ಹಚ್ಚಿ ಎದ್ದ ಮೇಲೆ, ಯಾವುದಾದರೊಂದು ಪಂಪಿನ ಹಿಡಿ ಕಳಚಬೇಕಾಗಿದೆಯೇ ಎಂದು ನಿಮ್ಮ ಬೀದಿಯಲ್ಲಿ ಒಂದು ಸುತ್ತು ನಡೆದು ನೋಡಿ.